ಕುರ್ಚಿ ಕಾರ್ಖಾನೆಯ ಅಲಿಪ್ತ ರಾಷ್ಟ್ರ

ಜೂನ್ ೨, ಸೋಮವಾರ

ನನ್ನ ಬಾಯಿಂದ ದಿನಕ್ಕೆ ಎಷ್ಟೊಂದು ಜಾಣ ಮಾತು ಬರುತ್ತವೆ, ಬರೆದಿಡುವವರಿಲ್ಲದೆ ಎಲ್ಲ ಗಾಳಿಪಾಲಾಗುತ್ತಿವೆ. ಬೇರೆಯವರನ್ನು ನಂಬಿ ಕೂತರೆ ಆಗದು ಎಂದು ಇವತ್ತಿನಿಂದ ನಾನೇ ಬರೆಯುತ್ತಿದ್ದೇನೆ. ಹಳ್ಳಿ ಶಾಲೆಯಲ್ಲಿ ಏಳನೇ ತರಗತಿಯವರೆಗೆ ಓದಿದವನು ನಾನು. ಮೇಷ್ಟ್ರು ಬಾರದ ದಿನ ಇಡೀ ಶಾಲೆಯನ್ನು ಸುಮ್ಮನೆ ಕೂರಿಸುತ್ತಿದ್ದವನೂ ನಾನೇ. ಅಕ್ಷರ ಸ್ವಲ್ಪ ಓರೆ, ಬುದ್ಧಿ ನೇರ.

ಮೊದಲು ಮನೆಯ ಸ್ಥಿತಿ ಬರೆಯುತ್ತೇನೆ. ನಾವು ಮೂವರು ಅಣ್ಣತಮ್ಮಂದಿರು, ನಮ್ಮದು ಬೆತ್ತದ ಕುರ್ಚಿಯ ಕಾರ್ಖಾನೆ. ಅಣ್ಣ ಮರ ಕೊಯ್ದು ಚೌಕಟ್ಟು ಮಾಡುತ್ತಾನೆ. ತಮ್ಮ ಅದಕ್ಕೆ ಬೆತ್ತ ಹೆಣೆಯುತ್ತಾನೆ. ನಡುವಿನವನಾದ ನಾನು ನಡುವಿನ ಕೆಲಸ ಮಾಡುತ್ತೇನೆ, ಅಂದರೆ ಪಾಲಿಶ್. ಕಾರ್ಖಾನೆಯ ಮಹಡಿಯ ಮೇಲೆ ಎಡಕ್ಕೆ ಅಣ್ಣನ ಸಂಸಾರ, ಬಲಕ್ಕೆ ತಮ್ಮನ ಸಂಸಾರ, ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಒಂಟಿ ಜೀವಿ ನಾನು.

ಒಂದು ತಿಂಗಳ ಹಿಂದೆ ಒಬ್ಬ ಗಿರಾಕಿ ಕುರ್ಚಿಯ ಮೇಲೆ ಕೈಯಾಡಿಸಿ, ಹೆಣಿಗೆ ಎಂಥಾ ಚೆನ್ನಾಗಿದೆ ಅಂದ. ಅಷ್ಟೇ ಅಂದದ್ದು. ಅವನು ಹೋದ ಮೇಲೆ ಅಣ್ಣ ತಮ್ಮನಿಗೆ, “ಮರ ಇಲ್ದಿದ್ರೆ ಗಾಳೀಲಿ ಹೆಣೀತಿದ್ಯಾ?” ಎಂದ. ತಮ್ಮ, “ಹೆಣಿಗೆ ಇಲ್ದಿದ್ರೆ ಕೂತೋನು ನಿನ್ನ ಚೌಕಟ್ಟಲ್ಲಿ ತೂರಿ ನೆಲಕ್ಕೆ ಬೀಳ್ತಿದ್ದ ದೊಡ್ಡಣ್ಣ” ಎಂದ. ಅಂದಿನಿಂದ ಇಬ್ಬರಿಗೂ ಮಾತಿಲ್ಲ. ಅಣ್ಣ ಹೇಳುವುದನ್ನು ತಮ್ಮನಿಗೆ, ತಮ್ಮ ಹೇಳುವುದನ್ನು ಅಣ್ಣನಿಗೆ ಮುಟ್ಟಿಸುವ ಭಾರ ನನ್ನ ಹೆಗಲ ಮೇಲೆ. ನಾನಿಲ್ಲದಿದ್ದರೆ ಈ ಕಾರ್ಖಾನೆಯಲ್ಲಿ ಒಂದು ಮೊಳೆಯೂ ಅಲ್ಲಾಡುವುದಿಲ್ಲ.

ಜೂನ್ ೪, ಬುಧವಾರ

ಅಣ್ಣನ ಮಗಳು ಈ ವರ್ಷ ಶಾಲೆಯಲ್ಲಿ ಸಮಾಜ ಪಾಠ ಹೇಳುವ ಕೆಲಸಕ್ಕೆ ಸೇರಿದ್ದಾಳೆ. ನಾನು ಅವಳನ್ನು ಮೇಷ್ಟ್ರಮ್ಮ ಎಂದೇ ಕರೆಯುವುದು. ಮರುದಿನದ ಪಾಠವನ್ನು ಹಿಂದಿನ ಸಂಜೆ ನನ್ನ ಮುಂದೆ ಒಪ್ಪಿಸುತ್ತಾಳೆ. ಕಾರಣ ಕೇಳಿದರೆ, ಮಕ್ಕಳಿಗಿಂತ ತಲೆಹರಟೆ ಪ್ರಶ್ನೆ ಕೇಳುವವನು ನೀನೊಬ್ಬನೇ ಚಿಕ್ಕಪ್ಪ ಅನ್ನುತ್ತಾಳೆ. ಇಷ್ಟು ಓದಿದವಳು ನನ್ನ ಹತ್ತಿರ ಪರೀಕ್ಷೆಗೆ ಬರುತ್ತಾಳೆ ಎಂಬುದು ಗಮನಿಸಬೇಕಾದ ವಿಷಯ.

ಇವತ್ತಿನ ಪಾಠ ದೇಶಗಳ ವಿಂಗಡಣೆ. ದೊಡ್ಡ ಯುದ್ಧ ಮುಗಿದ ಮೇಲೆ ಅಮೆರಿಕ ಒಂದು ಕಡೆ, ರಷ್ಯಾ ಒಂದು ಕಡೆ ನಿಂತು ಒಬ್ಬರನ್ನೊಬ್ಬರು ಗುರಾಯಿಸಿದರಂತೆ. ನೇರವಾಗಿ ಹೊಡೆದಾಡಲಿಲ್ಲ, ನೆಟ್ಟಗೆ ಮಾತೂ ಆಡಲಿಲ್ಲ, ಅದಕ್ಕೇ ಶೀತಲ ಸಮರ ಎಂದು ಹೆಸರು. ಅಮೆರಿಕದ ಬಣ ಮೊದಲನೇ ಜಗತ್ತು. ರಷ್ಯಾದ ಬಣ ಎರಡನೇ ಜಗತ್ತು. ಯಾವ ಬಣಕ್ಕೂ ಸೇರದ ಅಲಿಪ್ತರು ಮೂರನೇ ಜಗತ್ತು.

ಈ ನಂಬರು ಕೊಟ್ಟವರು ಯಾರು, ಮೊದಲನೆಯವರೇ ತಮಗೆ ತಾವೇ ಕೊಟ್ಟುಕೊಂಡರೋ ಎಂದು ಕೇಳಿದೆ. ಪ್ರಶ್ನೆ ಅವಳಿಗೆ ಹಿಡಿಸಿತು. ಒಬ್ಬ ಫ್ರೆಂಚ್ ಪಂಡಿತ ಮೂರನೇ ಜಗತ್ತಿಗೆ ಮೊದಲು ಹೆಸರಿಟ್ಟನಂತೆ, ಉಳಿದ ಎರಡಕ್ಕೆ ಆಮೇಲೆ ನಂಬರು ಬಂದದ್ದು. ಅವನ ದೇಶದಲ್ಲಿ ಹಿಂದೆ ಪಾದ್ರಿಗಳದ್ದು ಒಂದನೇ ವರ್ಗ, ಶ್ರೀಮಂತರದ್ದು ಎರಡನೇ ವರ್ಗ, ಮಿಕ್ಕ ಜನವೆಲ್ಲ ಮೂರನೆಯದು. ಲೆಕ್ಕಕ್ಕಿಲ್ಲದೆ ಬಿದ್ದಿದ್ದವರು, ಒಂದು ದಿನ ಎದ್ದು ನಿಂತು ನಾವೂ ಇದ್ದೇವೆ ಅಂದವರು. ಹಾಗೆ ಈ ದೇಶಗಳೂ ಅನ್ನಲಿ ಎಂದು ಅವನ ಆಸೆ.

ನನಗೆ ತಕ್ಷಣ ಹೊಳೆಯಿತು. ಅಣ್ಣ ಅಮೆರಿಕ: ದೊಡ್ಡ ಯಂತ್ರ, ದೊಡ್ಡ ಸದ್ದು. ತಮ್ಮ ರಷ್ಯಾ: ಮೂಲೆಯಲ್ಲಿ ಕೂತು ಮಾತಿಲ್ಲದೆ ಹೆಣೆಯುತ್ತಾನೆ, ಒಳಗೊಳಗೇ ಕುದಿಯುತ್ತಾನೆ. ನಾನು ಅಲಿಪ್ತ ರಾಷ್ಟ್ರ. ಹೇಳಿದ್ದೇ ತಡ ಮೇಷ್ಟ್ರಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕಳು.

ಅಲಿಪ್ತರಿಗೆ ಎರಡೂ ಕಡೆಯಿಂದ ನೆರವು ಸಿಗುತ್ತಿತ್ತಂತೆ, ಒಂದು ಕಡೆಯವರು ಅಣೆಕಟ್ಟು ಕಟ್ಟಿಕೊಟ್ಟರೆ ಇನ್ನೊಂದು ಕಡೆಯವರು ಗೋಧಿ ಕಳಿಸುತ್ತಿದ್ದರು. ನನಗೂ ಹಾಗೆಯೇ. ಮಧ್ಯಾಹ್ನ ಅತ್ತಿಗೆಯ ಕೈ ಊಟ, ಸಂಜೆ ತಮ್ಮನ ಹೆಂಡತಿಯ ಕೈ ತಿಂಡಿ. ಮೊನ್ನೆ ಅಣ್ಣ ಹೊಸ ಚಪ್ಪಲಿ ತಂದುಕೊಟ್ಟ. ಅದನ್ನು ನೋಡಿ ತಮ್ಮ ನನ್ನ ಕೋಣೆಗೆ ಮೇಜಿನ ಫ್ಯಾನು ತಂದಿಟ್ಟ. ಫ್ಯಾನಿನ ಗಾಳಿಗೆ ಚಪ್ಪಲಿಯ ಕಾಲು ಚಾಚಿ ಇದನ್ನು ಬರೆಯುತ್ತಿದ್ದೇನೆ.

ಜೂನ್ ೯, ಸೋಮವಾರ

ದೊಡ್ಡ ಕೆಲಸ ಬಂದಿದೆ. ಹೊಸ ಗ್ರಂಥಾಲಯದ ಓದುವ ಕೋಣೆಗೆ ಇಪ್ಪತ್ನಾಲ್ಕು ಕುರ್ಚಿ, ಜುಲೈ ಹತ್ತಕ್ಕೆ ತಲುಪಬೇಕು. ಇದು ಸರಿಹೋದರೆ ಉಳಿದ ಕೋಣೆಗಳ ಕುರ್ಚಿಯೂ ನಮಗೇ. ತಪ್ಪಿದರೆ ಅಣ್ಣನ ಪ್ರಕಾರ ಈ ಜಂಟಿ ಸಂಸಾರ ಸಾಕು: ಕಾರ್ಖಾನೆಗೆ ನಡುವೆ ಗೋಡೆ ಎಬ್ಬಿಸಿ, ಅವನ ಮರ ಅವನಿಗೆ, ತಮ್ಮನ ಬೆತ್ತ ತಮ್ಮನಿಗೆ. ಅಪ್ಪ ಹಾಕಿದ ಕಾರ್ಖಾನೆ. ಅಣ್ಣ ಇದನ್ನು ಕೋಪದಲ್ಲಿ ಹೇಳಿದ್ದರೆ ನಾನು ನಕ್ಕುಬಿಡುತ್ತಿದ್ದೆ. ಉಳಿಗೆ ಸಾಣೆ ಹಿಡಿಯುತ್ತ ತಣ್ಣಗೆ ಹೇಳಿದ.

ತಮ್ಮ ನನ್ನನ್ನು ಕರೆದ. ಯಾವಾಗಲೂ ಅಣ್ಣ ಚೌಕಟ್ಟಿನ ಸುತ್ತ ತೂತು ಕೊರೆಯುತ್ತಾನೆ, ತಮ್ಮ ಆ ತೂತುಗಳಲ್ಲಿ ಒಂದೊಂದೇ ಬೆತ್ತದ ಎಳೆ ಪೋಣಿಸಿ ಹೆಣೆಯುತ್ತಾನೆ. ಒಂದು ಕುರ್ಚಿಗೆ ಎರಡು ದಿನ ಹಿಡಿಯುತ್ತದೆ. ಇಷ್ಟು ಕುರ್ಚಿಗೆ ಅಷ್ಟು ಪುರಸೊತ್ತಿಲ್ಲ. ಹಾಗಾಗಿ ಈ ಸಲ ಹೆಣೆದೇ ಬರುವ ಬೆತ್ತದ ಹಾಳೆ ತರಿಸುತ್ತಾನಂತೆ. ಅದಕ್ಕೆ ತೂತು ಬೇಡ, ಚೌಕಟ್ಟಿನ ಸುತ್ತ ಬೆರಳಗಲದ ಕಾಲುವೆ ಕೊರೆದರೆ ಹಾಳೆಯ ಅಂಚನ್ನು ಅದರಲ್ಲಿ ಕೂರಿಸಿ ಪಟ್ಟಿ ಬಡಿಯಬಹುದು. “ದೊಡ್ಡಣ್ಣಂಗೆ ಹೇಳು ಸಣ್ಣಣ್ಣ, ಈ ಸಲ ತೂತು ಬೇಡ ಅಂತ” ಎಂದ.

ಸಪ್ಪೆ ಮಾತನ್ನು ಸಪ್ಪೆಯಾಗಿಯೇ ಮುಟ್ಟಿಸುವವನು ನಾನಲ್ಲ. ಊಟಕ್ಕೆ ಕೂತಿದ್ದ ಅಣ್ಣನ ಬಳಿ ಹೋಗಿ ನಿಂತು, ಒಂದು ನಿಟ್ಟುಸಿರು ಬಿಟ್ಟು, ನಿನ್ನ ತೂತು ಯಾರಿಗೆ ಬೇಕು ಅಂತಾನೆ ನಿನ್ನ ತಮ್ಮ ಎಂದೆ. ಅಣ್ಣನ ಕಿವಿ ಕೆಂಪಾದದ್ದು ನೋಡಬೇಕಿತ್ತು. ನಲವತ್ತು ವರ್ಷದಿಂದ ತೂತು ಕೊರೆದವನು, ಅವನ ತೂತು ಒಂದು ಕೂದಲೆಳೆಯಷ್ಟು ಅತ್ತಿತ್ತ ಆದದ್ದಿಲ್ಲ, ಅವನಿಗೆ ಈ ಮಾತು. ನಾನೂ ಮೇಲೊಂದು ಕೂರಿಸಿದೆ: ಇತ್ತೀಚೆಗೆ ನಿನ್ನ ಕೈ ನಡುಗುತ್ತೆ ಅನ್ನೋ ಹಾಗೆ ಮಾತಾಡ್ತಾನಪ್ಪ. ಅಣ್ಣ ಊಟ ಬಿಟ್ಟು ಎದ್ದ. ಆ ಊಟವೂ ನನ್ನ ಪಾಲಿಗೆ ಬಂತು.

ಕಾರ್ಖಾನೆಯಲ್ಲಿ ಇಷ್ಟು ಕಳೆಕಟ್ಟಿಸಲು ಬೇರೆ ಯಾರಿಂದ ಸಾಧ್ಯ.

ಜೂನ್ ೧೨, ಗುರುವಾರ

ಪಾಠ ಮುಂದುವರಿಯಿತು. ಈಗ ಬಣದ ಲೆಕ್ಕ ಹಳೆಯದಂತೆ. ದೇಶದ ಒಟ್ಟು ಸಂಪಾದನೆಯನ್ನು ತಲೆಗಳಿಗೆ ಹಂಚಿ ಹೆಚ್ಚು, ಮಧ್ಯಮ, ಕಡಿಮೆ ಎಂದು ವಿಂಗಡಿಸುತ್ತಾರೆ. ಜನ ಎಷ್ಟು ವರ್ಷ ಬದುಕುತ್ತಾರೆ, ಎಷ್ಟು ವರ್ಷ ಓದುತ್ತಾರೆ ಎಂದೂ ನೋಡುತ್ತಾರೆ. ಏಳು ವರ್ಷ ಓದಿದವನು ಯಾವುದಕ್ಕೆ ಬರುತ್ತಾನೆ ಎಂದು ಕೇಳಿದೆ. ಅಭಿವೃದ್ಧಿಶೀಲ ಅಂದಳು. ಅಂದರೇನು ಎಂದೆ. ಇನ್ನೂ ಆಸೆ ಇದೆ ಅಂತ ಚಿಕ್ಕಪ್ಪ ಅಂದಳು. ಬಾಯಿ ಜೋರಾಗಿದೆ, ನನ್ನ ಹತ್ತಿರ ಕಲಿತದ್ದು.

ಬಣ ಬೇರೆ, ಸ್ಥಿತಿಗತಿ ಬೇರೆ ಎಂದು ಮಕ್ಕಳಿಗೆ ತಿಳಿಸುವುದೇ ಕಷ್ಟ ಎಂದಳು. ಸ್ವಿಟ್ಜರ್ಲೆಂಡ್ ಯಾವ ಬಣಕ್ಕೂ ಸೇರಿದ್ದಲ್ಲ, ಆದರೆ ಅದನ್ನು ಬಡದೇಶ ಅನ್ನುತ್ತೀಯಾ? ಎರಡನೇ ಜಗತ್ತು ಕರಗಿಹೋಗಿ ಎಷ್ಟೋ ವರ್ಷವಾಯಿತು. ಮೂರನೆಯದು ಅನ್ನುವ ಹೆಸರು ಮಾತ್ರ ಉಳಿದು, ಬಡವ ಎಂಬುದಕ್ಕೆ ಬೈಗುಳದ ಹಾಗೆ ಬಳಕೆಯಾಗುತ್ತಿದೆ.

ನಾನು ಸ್ವಿಟ್ಜರ್ಲೆಂಡ್ ಎಂದು ತೀರ್ಮಾನಿಸಿದೆ.

ಜೂನ್ ೧೪, ಶನಿವಾರ

ಅಣ್ಣನಿಂದ ಹನ್ನೆರಡು ಚೌಕಟ್ಟು ಬಂದವು. ಉಪ್ಪುಕಾಗದ ಹಾಕಿ, ಒರೆಸಿ, ಮೊದಲ ಕೈ ಅರಗಿನ ಪಾಲಿಶ್ ಬಳಿದೆ. ಹಠದಲ್ಲಿ ಕೊರೆದ ತೂತುಗಳು ಮುತ್ತು ಪೋಣಿಸಿದ ಹಾಗಿವೆ. ಅರಗು ತೂತಿನೊಳಗೆ ಇಳಿದು ಗಟ್ಟಿಯಾಗದಂತೆ ಒಂದೊಂದಕ್ಕೂ ಕಡ್ಡಿ ಹಾಕಿ ತೆಗೆದೆ. ಇಂಥ ನಾಜೂಕು ಕೆಲಸ ಊರಲ್ಲಿ ಯಾರಿಗೂ ಬರುವುದಿಲ್ಲ.

ಜೂನ್ ೧೭, ಮಂಗಳವಾರ

ಬೆತ್ತದ ಹಾಳೆಗಳು ಸುರುಳಿ ಸುತ್ತಿಕೊಂಡು ಬಂದಿಳಿದವು. ತಮ್ಮ ಒಂದನ್ನು ನೀರಲ್ಲಿ ನೆನೆಸಿ, ಹೆಗಲ ಮೇಲೆ ಹಾಕಿಕೊಂಡು ನನ್ನ ಕಡೆಯ ಚೌಕಟ್ಟುಗಳ ಹತ್ತಿರ ಬಂದ. ಒಂದನ್ನು ಎತ್ತಿ ನೋಡಿದ. ಇನ್ನೊಂದನ್ನು ನೋಡಿದ. ಹಾಗೇ ಎಲ್ಲವನ್ನೂ ತಿರುಗಿಸಿ ನೋಡಿದ. ಹೆಗಲಿಂದ ನೀರು ತೊಟ್ಟಿಕ್ಕುತ್ತಲೇ ಇತ್ತು.

“ಬೇಕೂಂತಲೇ ಮಾಡಿದಾನೆ” ಎಂದ.

ಆಗ ನನಗೆ ಹೋದ ವಾರ ಸೋಮವಾರದ ಮಾತಿನ ಹೂರಣ ಯಾವುದಿತ್ತು ಎಂದು ನೆನಪಾಯಿತು. ನಾನು ಅದಕ್ಕೆ ಮಸಾಲೆ ಹಾಕಿದ್ದೆ, ಹೂರಣವನ್ನೇ ಬಿಟ್ಟಿದ್ದೆ. ಕಾಲುವೆ ಎಂಬ ಶಬ್ದ ನನ್ನ ಬಾಯಿಂದ ಹೊರಟೇ ಇರಲಿಲ್ಲ.

ಅಣ್ಣನ ಬಳಿ ಉಳಿದ ಹನ್ನೆರಡೂ ಸೇರಿ ಇಪ್ಪತ್ನಾಲ್ಕೂ ಚೌಕಟ್ಟಿಗೆ ತೂತು ಬಿದ್ದಾಗಿದೆ. ತೂತಿನ ಮೇಲೆ ಕಾಲುವೆ ಕೊರೆದರೆ ಮರ ಸೀಳುತ್ತದೆ. ಹೊಸ ಮರ ತಂದು ಒಣಗಿಸುವಷ್ಟು ದಿನವಿಲ್ಲ. ಇದನ್ನೆಲ್ಲ ನನಗೆ ಯಾರೂ ಹೇಳಿಕೊಡಬೇಕಿಲ್ಲ.

ಜೂನ್ ೧೮, ಬುಧವಾರ

ಕೆಲಸ ನಿಂತಿದೆ. ಯಂತ್ರದ ಸದ್ದಿಲ್ಲ.

ಸೆಖೆ. ಫ್ಯಾನು ಹಾಕಿಕೊಳ್ಳಲಿಲ್ಲ.

ಜೂನ್ ೧೯, ಗುರುವಾರ

ಬೆಳಿಗ್ಗೆ ಅಣ್ಣ ಗಾರೆ ಕೆಲಸದವನನ್ನು ಕರೆಸಿ ನೆಲದ ಮೇಲೆ ಸುಣ್ಣದ ದಾರ ಹಿಡಿದು ಗೆರೆ ಹಾಕಿಸಿದ. ಗೋಡೆ ಎಲ್ಲಿ ಬರುತ್ತದೆ ಎಂದು ಕಾಣಲಿಕ್ಕೆ. ಗೆರೆ ನೇರವಾಗಿ ನನ್ನ ಪಾಲಿಶ್ ಮೇಜಿನ ಕೆಳಗೆ ಹಾದುಹೋಗಿದೆ. ಮೇಜಿನ ಎರಡು ಕಾಲು ಅಣ್ಣನ ದೇಶದಲ್ಲಿ, ಎರಡು ತಮ್ಮನ ದೇಶದಲ್ಲಿ. ಗಾರೆಯವನು ಮೇಜು ಎತ್ತಿಸಬೇಕಾ ಯಜಮಾನರೇ ಎಂದು ಕೇಳಿದ. ಇರಲಿ ಎಂದೆ. ಇನ್ನೇನಾದರೂ ಹಾಸ್ಯ ಹೊಳೆದೀತು ಎಂದು ಕಾದೆ. ಹೊಳೆಯಲಿಲ್ಲ.

ಸಂಜೆ ಮೇಷ್ಟ್ರಮ್ಮ ತರಗತಿಯಲ್ಲಿ ನಡೆದದ್ದು ಹೇಳಿದಳು. ಅಲಿಪ್ತ ದೇಶಗಳ ಪಾಠ ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದಳಂತೆ: ಎರಡೂ ಕಡೆಯವರು ಜಗಳ ಆಡುತ್ತಿರುವುದರಿಂದ ತಾನೇ ಇವರಿಗೆ ನೆರವು ಬರುತ್ತಿತ್ತು, ಜಗಳ ನಿಂತರೆ ಇವರಿಗೆ ನಷ್ಟವಲ್ಲವೇ? ನಾಳೆ ಹೇಳುತ್ತೇನೆ ಎಂದು ಬಂದಿದ್ದಾಳೆ.

“ನೀನೇನಂತೀ ಚಿಕ್ಕಪ್ಪ?”

ನಾನು ಊಟ ಒಂದು ಕಡಿಮೆಯಾಗುತ್ತೆ ಅಷ್ಟೇ ಎಂದೆ. ಅವಳು ನಗುತ್ತಾಳೆಂದುಕೊಂಡೆ. ಅವಳು ಕಾರ್ಖಾನೆಯೊಳಕ್ಕೆ ತೆರೆಯುವ ಕಿಟಕಿಯಿಂದ ಕೆಳಗಿನ ನೆಲದ ಬಿಳಿ ಗೆರೆಯನ್ನೇ ನೋಡುತ್ತಿದ್ದಳು. ಆಮೇಲೆ ನಿಧಾನವಾಗಿ, ಅಲಿಪ್ತ ಅಂದ್ರೆ ಎರಡೂ ಕಡೆ ಉಣ್ಣೋದು ಅಂತ ಆ ಮಕ್ಕಳಿಗೆ ನಾನು ಹೇಳಿಕೊಟ್ಟಿಲ್ಲ ಎಂದಳು. ಆ ದೇಶಗಳವರು ದೂರದೂರದಿಂದ ಬಂದು ಒಟ್ಟಿಗೆ ಕೂತರು, ಅಣುಬಾಂಬು ಇಟ್ಟುಕೊಂಡವರಿಗೆ ನೇರವಾಗಿ ಕೂತು ಮಾತಾಡಿ ಅಂತ ಕಾಗದ ಬರೆದರು, ಎಲ್ಲ ಕೈಗೂಡಿತು ಅಂತಲ್ಲ, ಆದರೆ ಅಷ್ಟನ್ನಾದರೂ ಮಾಡಿದರು ಎಂದಳು.

ನಿದ್ದೆ ಬರುತ್ತಿದೆ, ಹೋಗು ಎಂದೆ.

ಜೂನ್ ೨೦, ಶುಕ್ರವಾರ

ಬೆಳಿಗ್ಗೆ ಎದ್ದಾಗ ಗಂಟಲು ಸರಿಯಾಗಿತ್ತು. ಅಣ್ಣ ಕರೆದಾಗ ಕಟ್ಟಿತು.

ಗೋಡೆಯ ಕಲ್ಲು ಸೋಮವಾರ ಬರುತ್ತೆ, ಆ ಕಡೆ ಇರೋ ಬಾಗಿಲು ಅವನೇ ಇಟ್ಟುಕೊಳ್ಳಲಿ ಅಂತ ಹೇಳು ಎಂದ ಅಣ್ಣ. ನಾನು ಕೊರಳಿಗೆ ಸುತ್ತಿದ ಮಫ್ಲರ್ ತೋರಿಸಿ ಗಂಟಲು ಮುಟ್ಟಿಕೊಂಡು, ಆಗಲ್ಲ ಎಂದು ಕೈಯಾಡಿಸಿದೆ. ಇಂಥ ಸೆಖೆಯಲ್ಲಿ ಮಫ್ಲರ್ ಹಾಕಿ ನಟಿಸುವುದು ಸಾಮಾನ್ಯರ ಕೆಲಸವಲ್ಲ. ಬರೆದುಕೊಡು ಎಂದ. ಕೈಗೆ ಅರಗು ಮೆತ್ತಿದೆ ಎಂದು ತೋರಿಸಿದೆ. ಅಣ್ಣ ನನ್ನನ್ನು ದುರುಗುಟ್ಟಿ ನೋಡಿದ.

ತಮ್ಮನೂ ಬಂದ. ಬೆತ್ತದ ಹಾಳೆ ವಾಪಸು ಮಾಡಬೇಕು, ದೊಡ್ಡಣ್ಣ ಯಾಕೆ ಹೀಗೆ ಮಾಡಿದ ಅಂತ ಒಂದೇ ಒಂದು ಸಲ ಕೇಳು ಸಣ್ಣಣ್ಣ ಎಂದ. ಅವನ ದನಿಯಲ್ಲಿ ಕೋಪವಿರಲಿಲ್ಲ. ನಾನು ಗಂಟಲು ತೋರಿಸಿದೆ.

ಅತ್ತಿಗೆ ಬಿಸಿನೀರು ಕಳಿಸಿದಳು, ತಮ್ಮನ ಹೆಂಡತಿ ಕಷಾಯ ಕಳಿಸಿದಳು. ಎರಡನ್ನೂ ಕುಡಿಯಲಿಲ್ಲ. ಅಣ್ಣ ತಮ್ಮ ಇಬ್ಬರೂ ಎದುರುಬದುರಾದರೆ ಮೊದಲು ಹೊರಬೀಳುವುದು ಏನು ಎಂಬುದು ನನಗೆ ಗೊತ್ತಿದೆ. ಗೊತ್ತಿಲ್ಲದಷ್ಟು ದಡ್ಡ ನಾನಲ್ಲ.

ಜೂನ್ ೨೧, ಶನಿವಾರ

ಹನ್ನೊಂದರ ಹೊತ್ತಿಗೆ ತಮ್ಮ ಒಂದು ಚೌಕಟ್ಟು ಹಿಡಿದುಕೊಂಡು ಸುಣ್ಣದ ಗೆರೆ ದಾಟಿದ. ಅಣ್ಣನ ಮುಂದೆ ಅದನ್ನು ಇಟ್ಟ.

“ಕಾಲುವೆ ಅಂದಿದ್ದೆ. ತೂತು ಯಾಕೆ ಹಾಕಿದೆ?”

“ಯಾವ ಕಾಲುವೆ?” ಎಂದ ಅಣ್ಣ.

“ಹೇಳಿ ಕಳಿಸಿದ್ದೆನಲ್ಲ, ಹಾಳೆ ತರಿಸ್ತೀನಿ, ತೂತು ಬೇಡ ಅಂತ.”

“ನನ್ನ ತೂತು ಯಾರಿಗೆ ಬೇಕು, ನನ್ನ ಕೈ ನಡುಗುತ್ತೆ ಅಂದಿದ್ದೆಯಂತೆ.”

“ನಿನ್ನ ಕೈ ನಡುಗಿದರೆ ನನ್ನ ಹೆಣಿಗೆ ನಿಲ್ಲುತ್ತಾ ದೊಡ್ಡಣ್ಣ? ನಾನ್ಯಾಕೆ ಹಾಗಂತೀನಿ?”

ಆಮೇಲೆ ಇಬ್ಬರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

ಮುಂದಿನದ್ದನ್ನು ವಿವರವಾಗಿ ಬರೆಯುವ ಅಗತ್ಯವಿಲ್ಲ. ಒಂದೂವರೆ ತಿಂಗಳ ಮೇಲೆ ಎರಡು ಬಣಗಳು ಕೂಡಿ ಒಂದೇ ದನಿಯಲ್ಲಿ ಮಾತಾಡಿದವು. ಅಣ್ಣ ಬಿಟ್ಟ ಮಾತನ್ನು ತಮ್ಮ ಎತ್ತಿಕೊಳ್ಳುತ್ತಿದ್ದ, ತಮ್ಮ ಉಸಿರು ತೆಗೆದುಕೊಳ್ಳುವಾಗ ಅಣ್ಣ ಮುಂದುವರಿಸುತ್ತಿದ್ದ. ಗಾದಿ ಹೊಲಿದ ಹಾಗೆ ನನ್ನನ್ನು ಮಾತಲ್ಲೇ ಚುಚ್ಚಿ ಹೊಲಿದರು. ಮಹಡಿಯ ಮೇಲಿಂದ ಅತ್ತಿಗೆಯೂ ತಮ್ಮನ ಹೆಂಡತಿಯೂ ಒಂದೇ ಕಿಟಕಿಯಲ್ಲಿ ತಲೆ ಹಾಕಿ ನೋಡುತ್ತಿದ್ದರು. ಗಂಟಲು ಕಟ್ಟಿದ್ದರಿಂದ ನಾನು ಉತ್ತರ ಕೊಡುವಂತಿರಲಿಲ್ಲ. ಮಫ್ಲರ್ ಒಳಗೆ ಬೆವರು ಇಳಿಯುತ್ತಿತ್ತು.

ಕಡೆಗೆ ಅಣ್ಣ ಸುಸ್ತಾಗಿ ಮರದ ದಿಮ್ಮಿಯ ಮೇಲೆ ಕೂತ. ಈಗೇನು ಮಾಡೋದು ಎಂದ. ನನ್ನನ್ನು ಕೇಳಿದ್ದಲ್ಲ.

ತಮ್ಮ ಚೌಕಟ್ಟಿನ ತೂತುಗಳ ಮೇಲೆ ಬೆರಳು ಓಡಿಸಿದ. ತೂತು ಚೆನ್ನಾಗಿವೆ ಎಂದ. ಹಳೇ ರೀತಿಯಲ್ಲೇ ಕೈಯಲ್ಲಿ ಹೆಣೆಯಬೇಕು, ಆದರೆ ನನ್ನೊಬ್ಬನಿಂದ ಆಗೋ ಕೆಲಸ ಅಲ್ಲ ಎಂದ. ಅಣ್ಣ ತನ್ನ ಎರಡು ಕೈಯನ್ನೂ ಮುಂದೆ ಚಾಚಿ ಸ್ವಲ್ಪ ಹೊತ್ತು ನೋಡಿಕೊಂಡ. ನಡುಗುತ್ತವಾ ಎಂದು ನೋಡಿಕೊಂಡನೋ ಏನೋ. ಹೇಳಿಕೊಡ್ತೀಯಾ ಎಂದ.

ಕಲ್ಲು ಬೇಡವೆಂದು ಗಾರೆಯವನಿಗೆ ಹೇಳಿಕಳಿಸಲು ಅಣ್ಣ ನನ್ನ ಕಡೆ ನೋಡಿದ. ಮತ್ತೆ ಏನೋ ಯೋಚಿಸಿ ತಾನೇ ಹೋದ.

ಜೂನ್ ೨೫, ಬುಧವಾರ

ಎಲ್ಲರೂ ಹೆಣೆಯುತ್ತಿದ್ದೇವೆ. ಬೆತ್ತದ ಎಳೆ ನೀರಲ್ಲಿ ನೆನೆಯಬೇಕು, ಹೆಚ್ಚು ನೆನೆದರೆ ಕಪ್ಪಾಗುತ್ತದೆ, ಕಡಿಮೆಯಾದರೆ ಮುರಿಯುತ್ತದೆ. ಮೊದಲು ಉದ್ದಕ್ಕೆ, ಆಮೇಲೆ ಅಡ್ಡಕ್ಕೆ, ಆಮೇಲೆ ಓರೆಯಾಗಿ. ನಾನು ಮೊದಲ ದಿನ ಹೆಣೆದದ್ದನ್ನು ತಮ್ಮ ಪೂರ್ತಿ ಬಿಚ್ಚಿದ. ಎರಡನೇ ದಿನದ್ದು ಅರ್ಧ ಬಿಚ್ಚಿದ. ಅಣ್ಣನದ್ದನ್ನೂ ಬಿಚ್ಚುತ್ತಾನೆ. ಅಷ್ಟು ದೊಡ್ಡ ಮನುಷ್ಯ ಶಾಲೆ ಹುಡುಗನ ಹಾಗೆ ಚೌಕಟ್ಟು ತೊಡೆಯ ಮೇಲೆ ಇಟ್ಟುಕೊಂಡು, ತಮ್ಮನ ಮುಂದೆ ಬಗ್ಗಿ, ಇದು ಮೇಲಾ ಕೆಳಗಾ ಎಂದು ಕೇಳುತ್ತಾನೆ.

ಮೇಷ್ಟ್ರಮ್ಮ ಶಾಲೆಯಿಂದ ಬಂದವಳೇ ಒಂದು ಮೂಲೆ ಹಿಡಿದು ಕೂರುತ್ತಾಳೆ. ಇಲ್ಲಿ ಯಾರು ಮುಂದುವರಿದ ದೇಶ, ಯಾರು ಹಿಂದುಳಿದದ್ದು ಎಂದು ಕೇಳಿದೆ. ಕೈ ನೋಡಿಕೋ ಚಿಕ್ಕಪ್ಪ, ಎಳೆ ತಪ್ಪಿದೆ ಅಂದಳು. ತಪ್ಪಿತ್ತು.

ನನ್ನ ಪ್ರಶ್ನೆ ಒಳ್ಳೆಯದೇ ಇತ್ತು. ಆದರೂ ಉತ್ತರಕ್ಕೆ ಕಾಯಲಿಲ್ಲ, ಎಳೆ ಬಿಚ್ಚಬೇಕಿತ್ತು.

ಜುಲೈ ೧, ಮಂಗಳವಾರ

ಹದಿಮೂರು ಆಯಿತು. ಬೆರಳ ತುದಿ ಸುಲಿದಿದೆ. ಹೆಚ್ಚು ಬರೆಯಲಾರೆ.

ಜುಲೈ ೮, ಮಂಗಳವಾರ

ಇವತ್ತು ಕೊನೆಯ ಕುರ್ಚಿ. ಅಣ್ಣ ತನ್ನ ಮೂಲೆಯಲ್ಲಿ ಅಂಚಿನ ಪಟ್ಟಿ ಬಿಗಿಯುತ್ತಿದ್ದ, ತಮ್ಮ ತನ್ನ ಮೂಲೆಯಲ್ಲಿ ಎಳೆಗಳ ಬಾಲ ಕತ್ತರಿಸುತ್ತಿದ್ದ. ಬೆಳಿಗ್ಗೆಯಿಂದ ಇಬ್ಬರೂ ಜಗಳ ಆಡುತ್ತಿದ್ದಾರೆ. ಪಟ್ಟಿ ಒಂದು ನೂಲು ಅಗಲವಾಯಿತು ಎಂದು ತಮ್ಮ. ನಿನ್ನ ಬೆತ್ತ ದಪ್ಪ, ಪಟ್ಟಿಯದ್ದೇನು ತಪ್ಪು ಎಂದು ಅಣ್ಣ. ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ. ನಾನು ನಡುವೆ ನನ್ನ ಮೇಜಿನ ಹತ್ತಿರ ನಿಂತು ಕೊನೆಯ ಕೈ ಅರಗು ಬಳಿಯುತ್ತಿದ್ದೆ.

ಅಭ್ಯಾಸಬಲ. ಅಣ್ಣ ಏನೋ ಅಂದಾಗ ನಾನು ಬಟ್ಟೆ ಕೆಳಗಿಟ್ಟು ತಮ್ಮನ ಕಡೆ ತಿರುಗಿದೆ, ಬಾಯಿಯನ್ನೂ ತೆರೆದೆ.

“ಸ್ವಲ್ಪ ಪಕ್ಕಕ್ಕೆ ಸರಿಯೋ” ಎಂದ ಅಣ್ಣ. “ಅವನ ಮುಖ ಕಾಣಿಸ್ತಿಲ್ಲ.”

ಸರಿದೆ.